ಆರೂವರೆ ಅಡಿ ಅಗಲ

ಹಲೋ... ಹಲೋ, ಯಾರು ಮಾತಾಡ್ತಿರೋದು?

... ಯಾರು? ಸ್ವಲ್ಪ ಗಟ್ಟಿಯಾಗಿ ಹೇಳಿ. ಬಾವಿಯೊಳಗಿಂದ ಮಾತಾಡಿದ ಹಾಗಿದೆ.

... ಓಹೋ, ಮನೆ ಬ್ರೋಕರಾ! "ಊರಾಚೆಯ ನೆಮ್ಮದಿ, ಕೈಗೆಟುಕುವ ಬೆಲೆ, ವಿಶಾಲವಾದ ಗ್ಯಾರೇಜು." ನೀವೇ ತಾನೆ? ಹೇಳಿ, ಇವತ್ತು ಯಾವ ಅರಮನೆ ತಂದಿದ್ದೀರಿ?

... ಅದೇನಾ? ಹಸಿರು ಗೇಟಿನ ಮನೆ? ಅಲ್ಲಾ ಸ್ವಾಮಿ, ಅದು ಬೇಡ ಅಂತ ಹೋದ ಗುರುವಾರವೇ ಹೇಳಿದ್ನಲ್ಲ. ತಣ್ಣಗಾಗಿದ್ದನ್ನ ಮತ್ತೆ ಬಿಸಿ ಮಾಡಿ ಬಡಿಸ್ತಿದ್ದೀರಾ?

... ಕಾರಣವಾ? ಇರಿ, ಮೆಲ್ಲಗೆ ಹೇಳ್ತೀನಿ. ಪಕ್ಕದ ರೂಮಲ್ಲಿ ನಮ್ಮಕ್ಕ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಾಳೆ. ... ಗ್ಯಾರೇಜು. ಹಾಂ, ಗ್ಯಾರೇಜೇ.

... ದೊಡ್ಡದಾ? ನಿಮ್ಮ "ದೊಡ್ಡದು" ನನಗೆ ಗೊತ್ತು. ಮೊದಲು ತೋರಿಸಿದ ಮನೇಲಿ ಗ್ಯಾರೇಜ್ ಅಂದ್ರೆ ನಾಲ್ಕು ಕೋಲಿನ ಮೇಲೆ ಒಂದು ತಗಡು. ಎರಡನೇ ಮನೇಲಿ ಗ್ಯಾರೇಜೇನೋ ಇತ್ತು, ಅದರೊಳಗೆ ಮಾಲೀಕರ ಅತ್ತೆ ಇದ್ರು. ಮಂಚ, ಟೀವಿ, ಔಷಧಿ ಡಬ್ಬಿ ಸಮೇತ. ಇವರನ್ನೂ ಸೇರಿಸಿನಾ ಬೆಲೆ ಅಂತ ಕೇಳಿದ್ದು ನಾನು ತಮಾಷೆಗಲ್ಲ. ಪಾಪ, ಆಯಮ್ಮ ನನಗೆ ಕೂತ್ಕೊಳ್ಳಿ ಅಂತ ತಲೆದಿಂಬು ಸರಿಸಿದ್ರು. ಆ ಮನೇಲಿ ಮರ್ಯಾದೆ ಇದ್ದದ್ದು ಗ್ಯಾರೇಜಿನಲ್ಲಿ ಮಾತ್ರ.

... ಇದೂ ಅಷ್ಟೇ. ಅಗಲ ಆರೂವರೆ ಅಡಿ.

... ಆರೂವರೆ ಅಂದೆ. ನಾನು ಕಂಡಿಲ್ಲ, ಅಕ್ಕ ಅಳೆದು ಬರೆದಿದ್ದಾಳೆ. ಆವತ್ತು ರಸ್ತೆ ಅಗೆದಿದ್ರು, ಹಿಂದೆ ಕಸದ ಲಾರಿ ಹಾರನ್ ಹೊಡೀತಿತ್ತು, ನಾನು ವ್ಯಾನ್ ಬಿಟ್ಟು ಇಳಿಯೋ ಹಾಗಿರಲಿಲ್ಲ. ನೀವೇ ಅಲ್ವಾ ಅಕ್ಕನ ಗಾಲಿಕುರ್ಚಿ ತಳ್ಕೊಂಡು ಒಳಗೆ ಹೋಗಿದ್ದು? ವಾಪಸ್ ಬಂದಾಗ ಗಾಲಿಗೆ ಮೆತ್ತಿದ ಮಣ್ಣನ್ನ ನಿಮ್ಮ ಕರ್ಚೀಫಲ್ಲೇ ಒರೆಸಿದ್ರಿ. ನಾನು ಕನ್ನಡಿಯಲ್ಲಿ ನೋಡ್ತಿದ್ದೆ. ಅದಕ್ಕೇ ಇಷ್ಟು ಹೊತ್ತು ಫೋನ್ ಇಟ್ಟಿಲ್ಲ, ತಿಳ್ಕೊಳ್ಳಿ.

... ನಗಬೇಡಿ. ಲೆಕ್ಕ ನೀವೇ ಹಾಕಿ. ನಮ್ಮ ವ್ಯಾನೇ ಆರು ಅಡಿ. ಪಕ್ಕದ ಬಾಗಿಲು ತೆಗೆದು ಇಳಿಜಾರು ಹಲಗೆ ಚಾಚಿದ್ರೆ ಇನ್ನೂ ಐದು. ಆಗ ಅಕ್ಕ ಯಾರ ಹಂಗೂ ಇಲ್ಲದೆ ತಾನೇ ಇಳೀತಾಳೆ. ನಿಮ್ಮ ಆರೂವರೆಯಲ್ಲಿ ವ್ಯಾನ್ ಒಳಗೆ ಹೋಗುತ್ತೆ, ಸರಿ. ಆಮೇಲೆ? ಅಕ್ಕ ತಂಗಿ ಇಬ್ರೂ ವ್ಯಾನಲ್ಲೇ ಸಂಸಾರ ಹೂಡಬೇಕು. ದಿನಾ ಬಂದು ಕಿಟಕಿಯಿಂದ ಊಟ ಕೊಟ್ಟು ಹೋಗ್ತೀರಾ?

... ಇನ್ನೆಲ್ಲಿಗೆ ಹೋಗೋಣ? ಪೇಟೆ ಒಳಗೆ ನೆಲಮಹಡಿ ಮನೆ ನಮ್ಮ ಪಿಂಚಣಿಗೆ ದಕ್ಕಲ್ಲ. ಊರಾಚೆ ಬಸ್ಸಿಲ್ಲ, ವ್ಯಾನ್ ಇಲ್ಲದೆ ಆಗಲ್ಲ. ಇಲ್ಲೇ ಇರೋಣ ಅಂದ್ರೆ ಮೂರನೇ ಮಹಡಿ. ಲಿಫ್ಟ್ ಕೆಟ್ಟು ನಾಲ್ಕು ತಿಂಗಳಾಯ್ತು. ಈ ನಾಲ್ಕು ತಿಂಗಳಲ್ಲಿ ಅಕ್ಕ ಕೆಳಗಿಳಿದಿದ್ದು ಎರಡೇ ಸಲ. ಒಂದು ಆಸ್ಪತ್ರೆಗೆ, ಇನ್ನೊಂದು ನಿಮ್ಮ ಆ ಮನೆ ನೋಡೋಕೆ. ಎರಡು ಸಲಾನೂ ನಾಲ್ಕು ಜನ ಹೊತ್ತು ಇಳಿಸಿದ್ರು, ಬೀರು ಇಳಿಸಿದ ಹಾಗೆ. "ಕೈ ಒಳಗಿಟ್ಕೊಳ್ಳಿ ಅಜ್ಜಿ, ಗೋಡೆಗೆ ಉಜ್ಜುತ್ತೆ" ಅಂದ ಒಬ್ಬ. ನಲವತ್ತು ವರ್ಷ ಊರವರ ಮೈಯಳತೆ ತಗೊಂಡ ದರ್ಜಿ ಕಣ್ರೀ ಅವಳು. ಮೇಲೆ ಬಂದವಳು ಎರಡು ದಿನ ನನ್ನ ಮುಖ ನೋಡಲಿಲ್ಲ.

... ಅವಳಿಗೆ ನಿಜ ಹೇಳಿಲ್ಲ. ಮಾಲೀಕರು ಮನಸ್ಸು ಬದಲಾಯಿಸಿದ್ರು ಅಂದೆ. ಮತ್ತೇನು ಹೇಳಲಿ? ಬಟ್ಟೆ ಕತ್ತರಿಸೋ ಮೇಜು ಯಾವ ಕಿಟಕಿ ಕೆಳಗೆ ಬರಬೇಕು ಅಂತ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು.

... ಎಷ್ಟು?

... ಅಗಲ ಹದಿಮೂರಾ? ಅಲ್ಲಾ, ಒಂದು ವಾರದಲ್ಲಿ ದುಪ್ಪಟ್ಟಾಗೋಕೆ ಅದೇನು ಗ್ಯಾರೇಜಾ, ಕುಂಬಳಬಳ್ಳಿಯಾ?

... ಈಗ ಅಲ್ಲೇ ನಿಂತಿದ್ದೀರಾ? ಗ್ಯಾರೇಜಿನೊಳಗೆ? ನಾನು ಬೈತಿರುವಾಗಲೇ ಅಳೆದ್ರಾ? ಅದೇ ನೋಡಿ, ಏನೋ ಸರ್ ಸರ್ ಅಂತಿತ್ತು. ಯಾರ ಟೇಪು, ನಿಮ್ಮದಾ? ಎಲಾಸ್ಟಿಕ್ಕಾ?

... ಎರಡು ಸಲ ಅಳೆದ್ರೂ ಹದಿಮೂರೇನಾ? ಇರಿ, ಅಕ್ಕನ ಅಳತೆ ಪುಸ್ತಕ ಇಲ್ಲೇ ಇದೆ. ಓದ್ತೀನಿ, ಕಿವಿಗೊಟ್ಟು ಕೇಳಿ. ಮೇಲೆ ವಕೀಲರ ಕೋಟು. ಉದ್ದ ಮೂವತ್ತು, ಎದೆ ಇಪ್ಪತ್ತೊಂದು. ಅದರ ಕೆಳಗೆ ಗ್ಯಾರೇಜು. ಉದ್ದ ಇಪ್ಪತ್ತು ಅಡಿ, ಅಗಲ ಆರೂವರೆ ಅಡಿ. ಅಚ್ಚು ಒತ್ತಿದ ಹಾಗೆ ಬರೆದಿದ್ದಾಳೆ.

... ಉದ್ದ ಸರಿ ಇದೆಯಾ? ಇಪ್ಪತ್ತೇನಾ? ನೋಡಿದ್ರಾ! ಉದ್ದದಲ್ಲಿ ತಪ್ಪದವಳು ಅಗಲದಲ್ಲಿ ತಪ್ಪುತ್ತಾಳಾ?

... ಯಾರದು, ವಕೀಲರದಾ? ಎದೆ ಇಪ್ಪತ್ತೊಂದು ಇಂಚು ಅಂತಿದೆ. ಅದ್ಯಾಕೆ ನಿಮಗೆ? ಆ ಮನುಷ್ಯ ಬಾಗಿಲಿಗೆ ಬಂದು ನಿಂತ್ರೆ ಮನೆಯೊಳಗೆ ಗಾಳಿ ಬರಲ್ಲ, ಅಂಥಾ ಆಳು. ಇಪ್ಪತ್ತೊಂದು ಅಂದ್ರೆ...

ಇಪ್ಪತ್ತೊಂದಾ?

ಒಂದು ನಿಮಿಷ. ಇಡಬೇಡಿ ಫೋನು. ... ಅಕ್ಕಾ! ಏ ಅಕ್ಕಾ! ಮೆಷಿನ್ ನಿಲ್ಲಿಸೇ ಒಂದು ಗಳಿಗೆ. ಪುಸ್ತಕದಲ್ಲಿ ಈ ಅಗಲ, ಸುತ್ತಳತೆ ಎಲ್ಲ ಹೇಗೆ ಬರೀತೀಯೇ? ... ಅರ್ಧವಾ? ... ಹಾಂ, ಬಟ್ಟೇನ ಮಡಚಿಟ್ಟು ಕತ್ತರಿಸೋದು, ಅದಕ್ಕೆ ಅರ್ಧ ಬರೆದ್ರೆ ಸಾಕು, ಸರಿ. ಗ್ಯಾರೇಜನ್ನ ಯಾರು ಮಡಚ್ತಾರೆ ತಾಯೀ? ... ಕೈ ಹಾಗೇ ಹೋಯ್ತಾ? ... ಏನಿಲ್ಲ, ಸುಮ್ನೆ ಕೇಳ್ದೆ.

ಹಲೋ, ಇದ್ದೀರಾ? ... ನಗಿ. ಈಗ ನಗಿ, ನಿಮಗೆ ಹಕ್ಕಿದೆ. ಮೂವತ್ತು ವರ್ಷ ಕಾಲೇಜಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ನಕ್ಷೆ ಬಿಡಿಸಿದ ಕೂಡಲೇ ಮೂಲೆಯ ಅಳತೆಪಟ್ಟಿ ನೋಡಿ, ಇಲ್ದಿದ್ರೆ ಸಮುದ್ರಾನ ಕೆರೆ ಅಂತೀರಿ ಅಂತ ಗಂಟಲು ಹರ್ಕೊಂಡಿದ್ದೇ ಹರ್ಕೊಂಡಿದ್ದು. ಮನೇಲಿ ಅಕ್ಕನ ಪುಸ್ತಕ ಓದೋಕೆ ಬರಲಿಲ್ಲ.

... ನಗ್ತಿಲ್ವಾ? ಅದು ಇನ್ನೂ ಕಷ್ಟ. ಎಲಾಸ್ಟಿಕ್ ಅಂದಿದ್ದನ್ನ ಮನಸ್ಸಿಗೆ ಹಾಕ್ಕೋಬೇಡಿ. ನಾಳೆ ಬೆಳಿಗ್ಗೆ ಬಂದು ನಾನೇ ಇನ್ನೊಂದು ಸಲ...

... ಏನು? ಯಾರು ಬರ್ತಿದ್ದಾರೆ? ... ಈಗಲಾ? ಕೊಳ್ಳೋಕೇನಾ? ... ಗಂಡ ಹೆಂಡತಿನಾ? ಗ್ಯಾರೇಜ್ ಅವರಿಗೆ ಏತಕ್ಕಂತೆ?

... ಹಳೇ ಸೋಫಾ ಇಡೋಕೆ! ಕಾರು? ... ಕಾರೇ ಇಲ್ವಾ! ಹದಿಮೂರು ಅಡಿ ಗ್ಯಾರೇಜಿನಲ್ಲಿ ಸೋಫಾ ಹಾಯಾಗಿ ಕಾಲು ಚಾಚಿ ಮಲಗಲಿ, ನಮ್ಮಕ್ಕ ಮೂರನೇ ಮಹಡಿಯಲ್ಲಿ ಕೂತಿರಲಿ. ಚೆನ್ನಾಗಿದೆ.

... ಮಾಲೀಕರು ಏನಂದ್ರು? ... ಮೊದಲು ಹೂಂ ಅಂದವರಿಗೇ ಮನೆ ಅಂತಾನಾ? ... ಅದಕ್ಕೇ ಫೋನ್ ಮಾಡಿದ್ರಾ? ಅವರು ಬರೋದರೊಳಗೆ ನಮ್ಮನ್ನ ಇನ್ನೊಂದು ಸಲ ಕೇಳೋಣ ಅಂತ? ಅಯ್ಯೋ ಪುಣ್ಯಾತ್ಮ, ಇದನ್ನ ಮೊದಲೇ ಹೇಳೋದಲ್ವಾ?

... ಹೌದು. ನಾನೆಲ್ಲಿ ಬಾಯಿ ಬಿಡೋಕೆ ಬಿಟ್ಟೆ.

... ನೋಡೋಣ ಅಂತ ಅಲ್ಲ ರೀ. ಹೂಂ. ಕೇಳಿಸ್ತಾ? ಹೂಂ ಅಂದೆ. ಮುಂಗಡದ ಚೆಕ್ಕು ಈಗಲೇ ಬರೀತೀನಿ. ... ಅಕ್ಕನ್ನ ಕೇಳ್ಬೇಕಾಗಿಲ್ಲ, ಕುರ್ಚಿ ತಳ್ಕೊಂಡು ಬಾಗಿಲಿಗೇ ಬಂದಿದ್ದಾಳೆ. ... ಏನೇ? ... ಇಲ್ಲ ಅಕ್ಕಾ, ಮಾಲೀಕರಲ್ಲ, ಬೇಡ ಅಂದಿದ್ದು ನಾನು. ಆಮೇಲೆ ಹೊಟ್ಟೆ ತುಂಬ ಬೈಯುವೆಯಂತೆ, ಈಗ ನೀನೂ ಒಂದು ಸಲ ಹೂಂ ಅನ್ನು. ಫೋನಿಗೆ ಕೇಳೋ ಹಾಗೆ. ... ಕೇಳಿಸ್ತಾ ರೀ? ಹಾಗೆ ಕಿರುಚಿದ್ದು ಅವಳೇ.

... ಗೇಟಿಗೆ ಬಂದೇ ಬಿಟ್ರಾ? ಇಬ್ಬರೂನಾ? ಹೇಳಿಬಿಡಿ, ಮನೆ ಆಗಿಹೋಯ್ತು ಅಂತ. ... ನಿಮಗೆ ಮುಖ ಕೊಟ್ಟು ಹೇಳೋಕೆ ಬರಲ್ವಾ? ಬ್ರೋಕರಾಗಿ ಇಷ್ಟು ಸಂಕೋಚ ಇಟ್ಕೊಂಡು ಹೇಗ್ರೀ ಬದುಕ್ತೀರಿ?

... ಗ್ಯಾರೇಜಿನ ಶಟರ್ ಎಳೀತೀರಾ? ಒಳಗಿಂದಾನೇ? ನೀವೂ ಒಳಗಿದ್ದುಕೊಂಡು?

... ಸಿಗ್ನಲ್ ಹೋಗುತ್ತಾ? ಹೋದ್ರೆ ಹೋಗಲಿ! ಹದಿಮೂರು ಅಡಿ ಇದೆ, ಉಸಿರು ಕಟ್ಟಲ್ಲ. ಎಳೀರಿ ನೀವು, ನಾನು ವ್ಯಾನ್ ತಗೊಂಡು ಈಗಲೇ...

ಹಲೋ? ... ಹಲೋ?

ಎಳೆದುಬಿಟ್ಟ ಕಣೇ ಅಕ್ಕಾ!