ಎಕ್ಸ್‌ಪ್ರೆಸ್ ಇಂಜಿನ್ನಿಗೊಂದು ಸೂರು

ನಮ್ಮೂರ ಬೇಕರಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು: ಬರ್ಲಿನ್ ಎಕ್ಸ್‌ಪ್ರೆಸ್ಸಿನ ಡ್ರೈವರನ ಹೆಂಡತಿ ವೀಬ್ಕೆ, ರೈಲು ಕಾರ್ಖಾನೆಯ ಇಂಜಿನಿಯರ್ ಆಲ್ಬೋರ್ನ್. ಹೊರಗೆ ಹಿಮ ಬೀಳುತ್ತಿತ್ತು.

"ಸಾಹೇಬ್ರೇ, ನಮ್ಮನೆಯವ್ರ ಇಂಜಿನ್ ಬಿಚ್ಚಿ ಹೊಸದಾಗಿ ಕಟ್ತಿದ್ದೀರಂತೆ?"

"ಹೌದಮ್ಮ. ದೊಡ್ಡ ಬಾಯ್ಲರ್, ಇನ್ನೊಂದು ಜೊತೆ ದೊಡ್ಡ ಚಕ್ರ. ಗಾಳಿ ಥರ ಓಡುತ್ತೆ."

"ಸೂರಿಲ್ಲದ ಇಂಜಿನ್ ಮೇಲೆ ಆ ಗಾಳಿಗೆ ಮುಖ ಕೊಟ್ಟು ನಿಲ್ಲೋರು ನನ್ನ ಗಂಡ. ಹೋದ ಚಳಿಗಾಲದಲ್ಲಿ ಒಂದು ಕಿವಿ ಚಳಿಗೆ ಮರಗಟ್ಟಿ ಸತ್ತೇ ಹೋಯ್ತು. ಅವ್ರ ತಲೆ ಮೇಲೊಂದು ಸೂರು ಹಾಕ್ಸಿ."

"ಸೂರು ಹಾಕಿದ್ರೆ ಡ್ರೈವರ್‌ಗಳು ಬೆಚ್ಚಗೆ ನಿದ್ದೆ ಹೊಡೀತಾರೆ. ಮೇಲಿನವರೂ ಅದನ್ನೇ ಹೇಳೋದು."

"ನಿಮ್ಮ ಆಫೀಸಿಗೆ ಸೂರಿದೆಯಲ್ಲ? ಒಲೆನೂ ಇದೆ."

"ನಾನು ಕೂತು ನಕ್ಷೆ ಬರೆಯೋನು, ತಾಯಿ."

"ನೀವು ಬರೀರಿ. ಆದ್ರೆ ಸೂರಿಲ್ದೆ ಆ ಇಂಜಿನ್ ಹೊರಗೆ ಬಂದ್ರೆ, ಡ್ರೈವರ್‌ಗಳ ಹೆಂಡ್ತೀರೆಲ್ಲ ಹೋಗಿ ಹಳಿ ಮೇಲೆ ಕೂರ್ತೀವಿ."

"ಬೆದರಿಸ್ತೀರಾ?"

"ಮೊದ್ಲೇ ಹೇಳಿಡ್ತಿದ್ದೀನಿ."

ರೊಟ್ಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಲ್ಬೋರ್ನ್ ಬಾಗಿಲಲ್ಲಿ ಛತ್ರಿ ಬಿಚ್ಚಿದರು.

"ಮಡಚಿ, ಸಾಹೇಬ್ರೇ," ಎಂದಳು ವೀಬ್ಕೆ. "ದಾರೀಲೇ ನಿದ್ದೆ ಬಂದುಬಿಟ್ಟೀತು."

ಇಡೀ ಸಾಲು ನಕ್ಕಿತು. ಅವರು ಛತ್ರಿ ಮಡಚಿ, ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡು ಹಿಮದಲ್ಲಿ ನಡೆದರು.