ಗಾಳಿ ನಿಲ್ಲಿಸದವಳು

ಇದು ಕಟ್ಟುಕತೆಯಲ್ಲ. ನಮ್ಮ ಪಕ್ಕದ ಮನೆಯವಳಿಗೇ ಆದದ್ದು. ಹಂದಿ ಫಾರಂನ ಕೊಳಚೆ ನೀರಿನ ತೊಟ್ಟಿ ನೋಡಿಕೊಳ್ಳುವವಳು, ಬೀದಿಯ ಮಕ್ಕಳ ಬಾಯಲ್ಲಿ ತೊಟ್ಟಿ ಅಕ್ಕ. ಅವತ್ತು ಕೆಲಸ ಮುಗಿಸಿ ಹೊರಟಾಗ ಹೊತ್ತು ಮೀರಿತ್ತು. ದಾರಿಯಲ್ಲಿ ಬಾವಿ. ಬಾವಿಯ ತನಕ ಬಂದಳು... ಬೆನ್ನ ಹಿಂದೆ ಗುಂಯ್ ಎನ್ನುತ್ತಿದ್ದ, ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಟಕ್ ಎಂದು ನಿಂತಿತು.

ಅವಳು ಗಕ್ಕನೆ ತಿರುಗಿ ನೋಡಿದಳು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಆ ಕೆಲಸ ಮೊದಲು ಅವಳ ಅಣ್ಣನದು. ಅವನು ಮಾತಾಡುವುದನ್ನು ಕೇಳಿದರೆ ತೊಟ್ಟಿ ಅವರಪ್ಪ ಬಿಟ್ಟುಹೋದ ಆಸ್ತಿ ಅನ್ನಬೇಕು. ತಂಗಿಗೂ ಅವನೇ ಕಲಿಸಿದ್ದ.

"ನೋಡೇ, ಈ ನೀರಲ್ಲಿ ಎರಡು ಜಾತಿ ಸೂಕ್ಷ್ಮಜೀವಿ ಇವೆ. ಗಾಳಿ ಬಿಟ್ರೆ ಒಂದು ಎದ್ದು ಅಮೋನಿಯಾನ ನೈಟ್ರೇಟ್ ಮಾಡುತ್ತೆ. ನಾತ ಹೋಗುತ್ತೆ, ವಿಷ ಹೋಗಲ್ಲ. ಗಾಳಿ ನಿಲ್ಸಿದ್ರೆ ಇನ್ನೊಂದು ಎದ್ದು ಆ ನೈಟ್ರೇಟನ್ನ ಸಾರಜನಕ ಮಾಡಿ ಆಕಾಶಕ್ಕೆ ಬಿಡುತ್ತೆ. ಅದಕ್ಕೆ ಉಸಿರು ಕಟ್ಟಿದ್ರೇನೇ ಕೆಲಸ."

ಅಂಥವನು ಒಂದು ಮಧ್ಯಾಹ್ನ ಕಟ್ಟಿಕೊಂಡ ಪಂಪು ಬಿಡಿಸಲು ಪಕ್ಕದ ಹೊಂಡಕ್ಕೆ ಇಳಿದ. ಒಳಗೆ ಉಸಿರಾಡುವ ಗಾಳಿ ಇರಲಿಲ್ಲ. ಮೇಲೆ ಬರಲಿಲ್ಲ. ಅತ್ತಿಗೆ ಆಗ ತುಂಬು ಗರ್ಭಿಣಿ.

ಕೆಲಸ ತಂಗಿಗೆ ಬಂತು. ಎಲ್ಲ ಅಣ್ಣನಂತೆಯೇ ಮಾಡಿದಳು, ಒಂದು ಬಿಟ್ಟು. ಗಾಳಿ ನಿಲ್ಲಿಸುತ್ತಿರಲಿಲ್ಲ. ಅಣ್ಣ ಗಾಳಿಯಿಲ್ಲದೆ ಹೋದ ಜಾಗದಲ್ಲಿ ಗಾಳಿ ನಿಲ್ಲಿಸಲು ಅವಳಿಗೆ ಕೈಯೇ ಬರಲಿಲ್ಲ. ಹಗಲೂ ರಾತ್ರಿ ಗುಂಯ್... ನಾತವಿಲ್ಲ, ನೀರು ತಿಳಿ, ಧಣಿಗೂ ಖುಷಿ. ಆ ತಿಳಿನೀರು ಕಾಲುವೆಗೆ ಹೋಗಿ, ಬಸಿದು ಬಾವಿಗೆ ಇಳಿಯುತ್ತಿತ್ತು. ಅದೇ ಬಾವಿ ನೀರು ಕುದಿಸಿ ಅತ್ತಿಗೆ ಕೂಸಿಗೆ ಹಾಲಿನ ಪುಡಿ ಕಲಸುತ್ತಿದ್ದಳು. ಕೂಸಿನ ತುಟಿ ನೀಲಿಗಟ್ಟತೊಡಗಿತ್ತು. ಡಾಕ್ಟರು ಹೃದಯದ ಪರೀಕ್ಷೆಗೆ ಬರೆದುಕೊಟ್ಟಿದ್ದರು.

ಸರಿ, ಆ ರಾತ್ರಿ ಅವಳು ವಾಪಸು ಹೋದಳು. ದೀಪ ಉರಿಯುತ್ತಿತ್ತು, ಕರೆಂಟು ಹೋಗಿರಲಿಲ್ಲ. ಬ್ಲೋವರ್ ಚಾಲೂ ಮಾಡಿ ಮತ್ತೆ ಹೊರಟಳು. ಬಾವಿಯ ಹತ್ತಿರ ಬಂದಳು...

ಟಕ್.

ಓಡಿದಳು. ತೊಟ್ಟಿಯ ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಬೆನ್ನು ಇತ್ತ. ಅಂಗಿ ಒದ್ದೆ. ಟಪ್... ಟಪ್... ನೀರು ಸೋರುತ್ತಿತ್ತು. ಆ ಬೆನ್ನು ಅವಳಿಗೆ ಗೊತ್ತಿತ್ತು, ಚಿಕ್ಕವಳಿದ್ದಾಗ ಅದರ ಮೇಲೆ ಕೂಸುಮರಿ ಹೋಗಿ ಬೆಳೆದವಳು. ಹೆದರಿಕೆ ಆಗಲಿಲ್ಲವಂತೆ.

"ಅಣ್ಣಾ... ತಡಿ, ಗಾಳಿ ಹಾಕ್ತೀನಿ," ಪಿಸುಗುಟ್ಟಿದಳು. "ಉಸಿರು ಕಟ್ಟುತ್ತೆ ನಿಂಗೆ."

"ನಂದು ಕಟ್ಟಿ ಆಯ್ತಲ್ಲೇ..." ಅವನು ತಿರುಗಲಿಲ್ಲ. "ಕೂಸಿಂದು ಕಟ್ತಾ ಇದೆ. ಬಾವಿ ನೀರು ಕೊಡಬೇಡಿ."

ಚಾಲೂ ಬಟನ್ ಮೇಲಿಟ್ಟಿದ್ದ ಕೈ ತೆಗೆದಳು. ಎಷ್ಟೋ ಹೊತ್ತು ಸದ್ದಿಲ್ಲ... ಆಮೇಲೆ ತಳದಿಂದ ಒಂದು ಗುಳ್ಳೆ. ಪುಳಕ್. ಇನ್ನೊಂದು. ನೋಡನೋಡುತ್ತ ತೊಟ್ಟಿಯ ತುಂಬ ಸಣ್ಣ ಗುಳ್ಳೆಗಳ ಚಿಟಪಟ. ಅಣ್ಣ ಹೇಳಿದ್ದ ಆ ಇನ್ನೊಂದು ಜಾತಿ ಎದ್ದಿತ್ತು. ಅವನಿಗೆ ತೋರಿಸೋಣ ಎಂದು ತಲೆಯೆತ್ತಿದಳು. ಕಟ್ಟೆ ಖಾಲಿ.

ಅಲ್ಲೇ ಕೂತು ಅತ್ತಳು. ಅಣ್ಣ ಸತ್ತ ದಿನ ಅತ್ತಿರಲಿಲ್ಲ ಪಾಪ, ಅತ್ತಿಗೆಯನ್ನು ಹಿಡಿದುಕೊಂಡು ನಿಲ್ಲಬೇಕಿತ್ತಲ್ಲ.

ಕೂಸು ಉಳಿಯಿತು. ಬಾವಿಯ ವಿಷಯ ತಿಳಿದ ಕೂಡಲೇ ಡಾಕ್ಟರು, ಕುದಿಸಿದರೂ ಹೋಗದ ನೈಟ್ರೇಟ್ ಕೂಸಿನ ರಕ್ತದ ಉಸಿರು ಕಟ್ಟುತ್ತಿದೆ ಎಂದು ಬೇರೆ ಔಷಧಿ ಕೊಟ್ಟರು, ಮನೆಗೆ ಬೇರೆ ನೀರು ಬಂತು. ಬಾವಿಗೆ ಮುಚ್ಚಳ ಬಿತ್ತು. ಅತ್ತಿಗೆ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದಳು, ಅಷ್ಟೇ.

ಆ ರಾತ್ರಿ ಕಳೆದು ಬೆಳಿಗ್ಗೆ ಮತ್ತೆ ಗಾಳಿ ಹಾಕಿದ್ದವಳು, ಮಧ್ಯಾಹ್ನ, ಮೊದಲ ಸಲ, ತಾನಾಗಿ ಗಾಳಿ ನಿಲ್ಲಿಸಲು ಹೋದಳು. ಆರಿಸುವ ಕೆಂಪು ಬಟನ್ ಒತ್ತಿದಳು. ಇಳಿಯಲಿಲ್ಲ. ಮೈಭಾರ ಬಿಟ್ಟು ಒತ್ತಿದಳು. ಊಹುಂ. ರಾತ್ರಿ ಎರಡು ಸಲ ಆರಿತ್ತು ಎಂದು ಅವಳು ಹೇಳಿದ್ದಕ್ಕೆ ಎಲೆಕ್ಟ್ರಿಷಿಯನ್ ಬಂದು ಬಿಚ್ಚಿ ನೋಡಿದ. ಒಳಗೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಇದನ್ನ ಮುಟ್ಟಿ ಎಷ್ಟು ತಿಂಗಳಾಯ್ತು? ನಿನ್ನೆ ಯಾರು ಆರಿಸಿದ್ದು ಹಾಗಾದ್ರೆ?"

"ನಮ್ಮಣ್ಣ," ಅಂದಳು.

ಅವನು ಹಳೆಯದನ್ನು ಅವಳ ಕೈಗಿಟ್ಟು ಹೊಸದು ಹಾಕಿ ಹೋದ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ಹಳೆಯ ಬಟನ್ ಈಗಲೂ ಅವರ ಮನೆ ಕಿಟಕಿಯಲ್ಲಿದೆ. ನಾನೂ ಒತ್ತಿ ನೋಡಿದ್ದೇನೆ... ಎರಡೂ ಹೆಬ್ಬೆರಳು ಸೇರಿಸಿ. ಇಳಿಯಲಿಲ್ಲ.