ಹಾರಿಬಂದ ಗಿರೇಬಾಜ್

ಹಲಗೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಚಿಕ್ಕಬೋರಮ್ಮನ ಪಕ್ಕದಲ್ಲೇ ಜಗಳ. ಮಳವಳ್ಳಿಯ ಸಿದ್ದರಾಜು ದುಡ್ಡು ಕೊಟ್ಟು ಕೊಂಡೊಯ್ದಿದ್ದ ಗಂಡು ಗಿರೇಬಾಜ್, ಗಾಳಿಯಲ್ಲಿ ಲಾಗ ಹಾಕುವ ಪಾರಿವಾಳ, ಮತ್ತೆ ಮುದುಕ ಅಕ್ರಂ ಪಾಷಾನ ಗೂಡಿಗೇ ಹಾರಿಬಂದಿತ್ತು. ಅದನ್ನು ಬುಟ್ಟಿಗೆ ಹಾಕಿಕೊಂಡು ಸಿದ್ದರಾಜು ವಾಪಸು ಹೊರಟಿದ್ದ.

“ಬಂದಾಗೆಲ್ಲ ರಾಗಿ ಹಾಕಿದ್ರೆ ಇನ್ನೇನ್ ಮಾಡ್ತದೆ, ಸಾಬ್ರೇ?”

“ಅಸ್ದು ಬಂದೋನ್ನ ಓಡಿಸ್ಲೇನ್ಲಾ?”

“ಹೆಣ್ಣು ನಿಮ್ತಾವ ಇರೋಗಂಟ ಅದು ನನ್ತಾವ ನಿಲ್ಲಕಿಲ್ಲ. ಜೋಡಿ ಕೊಟ್ಬುಡಿ.”

“ಅವಳ್ನೂ ಕೊಟ್ರೆ ಅವನು ಬರಾದೇ ಇಲ್ವಲ್ಲೋ. ಆಮೇಲೆ ನನ್ ಗೂಡಲ್ಲಿ ಯಾರವ್ರೆ?”

ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಹೊಗೆಯಾಡುತ್ತ ಬಂತು. ಮುದುಕ ಚಾದರದೊಳಗೆ ಬಚ್ಚಿಟ್ಟುಕೊಂಡು ತಂದಿದ್ದ ಬಿಳಿ ಹೆಣ್ಣನ್ನು ತೆಗೆದು, ಗಂಡಿದ್ದ ಬುಟ್ಟಿಗೆ ತಾನೇ ಬಿಟ್ಟ.

“ಮರಿಯಾಗೋಗಂಟ ಗೂಡು ತೆರೀಬ್ಯಾಡ ಕಣ್ಲಾ. ಇನ್ ಅವನು ಬರಕಿಲ್ಲ.”

ಬಸ್ಸು ಹೊರಟಾಗ ಸಿದ್ದರಾಜು ಕಿಟಕಿಯಿಂದ ತಲೆ ಹೊರಹಾಕಿದ.

“ಮೊದಲ್ನೇ ಮರಿ ತಕ್ಕೊಂಡು ನಾನೇ ಬತ್ತೀನ್ ಬುಡಿ, ಸಾಬ್ರೇ. ರಾಗಿ ಮಡಗಿರಿ!”